ಕೂಸಿನ ಸೀಟಿಗೆ ಹಾಸಿದ ಕೌದಿ

ನಮ್ಮವರು ಹೋದದ್ದು ಒಂದು ಬೆಳಿಗ್ಗೆ, ಗಡ್ಡ ಮಾಡಿಕೊಳ್ಳುತ್ತಿದ್ದಾಗ. ಅರ್ಧ ಮುಖದ ಮೇಲೆ ನೊರೆ ಇನ್ನೂ ಹಾಗೇ ಇತ್ತು. ಎದೆ ಹಿಡಿದುಕೊಂಡು ಬಚ್ಚಲ ಹೊಸ್ತಿಲ ಮೇಲೆ ಕೂತವರು ಏಳಲೇ ಇಲ್ಲ. ಮಗಳಿಗೆ ಆಗ ಎರಡು ತುಂಬಿರಲಿಲ್ಲ. ಬಂದ ಹೆಂಗಸರೆಲ್ಲ "ಅತ್ತು ಹಗುರಾಗವ್ವಾ" ಅಂದರು. ನನಗೆ ಅಳು ಬರಲಿಲ್ಲ. ಬರಿಸಿಕೊಳ್ಳಲು ನೋಡಿದೆ, ಆಗಲೂ ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮೂಲೆಯಲ್ಲಿ ಯಾರೋ "ಕಲ್ಲ ಅದಾಳ ಬಿಡ್ರಿ ಅಕಿ" ಅಂದದ್ದು ಕೇಳಿಸಿತು. ಸಿಟ್ಟೂ ಬರಲಿಲ್ಲ. ಇದ್ದರೂ ಇರಬಹುದು ಅಂದುಕೊಂಡೆ.

ನಾನು ನವಲಿ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರು. ಬಾಡಿಗೆ ಮನೆ ಗಂಗಾವತಿಯಲ್ಲಿ, ತವರು ನವಲಿಯಲ್ಲಿ. ರಜೆ ಮುಗಿದ ಮೇಲೆ ದಿನಾ ಬೆಳಿಗ್ಗೆ ಮಗಳನ್ನು ಕಾರಿನಲ್ಲಿ ಕರೆದೊಯ್ದು ಅವ್ವನ ಹತ್ತಿರ ಬಿಡುವುದು, ಅಲ್ಲಿಂದ ಶಾಲೆ, ಸಂಜೆ ಮತ್ತೆ ಕರೆದುಕೊಂಡು ವಾಪಸು ಬರುವುದು ಎಂದಾಯಿತು. ಇಲ್ಲೇ ಬಂದು ಇದ್ದುಬಿಡು ಎಂದು ಅಪ್ಪ ಹೇಳಿದ್ದರು. ನಮ್ಮವರ ಅಂಗಿಗಳು ಗೂಟಕ್ಕೆ ತೂಗಿದ್ದ ಮನೆಯನ್ನು ಬಿಟ್ಟು ಬರಲು ನನಗೆ ಮನಸ್ಸಿರಲಿಲ್ಲ. ಆ ಅಂಗಿಗಳನ್ನು ನೋಡಿದರೆ ನನಗೆ ಏನಾದರೂ ಆಗುತ್ತಿತ್ತೇ ಅಂದರೆ ಅದೂ ಇಲ್ಲ.

ಕೂಸಿನ ಸೀಟು ಅವರೇ ಹುಬ್ಬಳ್ಳಿಯಿಂದ ತಂದದ್ದು. ತಲೆಯ ಮೇಲೆ ಹೊತ್ತುಕೊಂಡು ಓಣಿಯೊಳಗೆ ಬರುವಾಗ, "ಏನ್ರೀ ಸರ, ಕಟಿಂಗ್ ಅಂಗಡಿ ಇಡತೀರೇನು?" ಎಂದು ಮಂದಿ ಕೇಳಿದ್ದರು. ಕಾರಿನ ಹಿಂದಿನ ಸೀಟಿಗೆ ಅದನ್ನು ಬಿಗಿದು, ಮಗಳನ್ನು ಕೂರಿಸಿ, ಎರಡೂ ಭುಜದ ಮೇಲಿಂದ ಬೆಲ್ಟು ಇಳಿಸಿ, ಹೊಟ್ಟೆಯ ಕೆಳಗೆ ಬಕಲು ಒತ್ತಿ, ಕೊನೆಗೆ ಬೆಲ್ಟಿನಡಿ ಬೆರಳು ತೂರಿಸಿ ನೋಡುತ್ತಿದ್ದರು. ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. "ಎಮ್ಮಿ ಕಟ್ಟಿದಂಗ ಕಟ್ಟತೀರಲ್ರಿ" ಎಂದು ನಾನು ನಗುತ್ತಿದ್ದೆ. ಅವರು ಹೋದ ಮೇಲೆ ಊಟ, ನಿದ್ದೆ, ತಲೆ ಬಾಚಿಕೊಳ್ಳುವುದು ಎಲ್ಲ ಏರುಪೇರಾಯಿತು. ಸೀಟಿನ ಕೆಲಸ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಪ್ರೀತಿಯಿಂದ ಮಾಡಿದೆ ಅಂತೇನೂ ಅಲ್ಲ. ಕೈಗೆ ಗೊತ್ತಿತ್ತು, ಅದು ಮಾಡುತ್ತಿತ್ತು.

ಮಗಳಿಗೆ ಆ ಸೀಟು ಕಂಡರೆ ಆಗುತ್ತಿರಲಿಲ್ಲ. ಕಾರಿನ ಬಾಗಿಲು ತೆಗೆದ ಕೂಡಲೇ "ಬ್ಯಾಡ, ಬ್ಯಾಡ" ಎಂದು ಕಬ್ಬಿನ ಜಲ್ಲೆಯ ಹಾಗೆ ಸೆಟೆದು ನಿಲ್ಲುತ್ತಿದ್ದಳು. ಒಂದು ಕೈ ಬೆಲ್ಟಿನೊಳಗೆ ಹಾಕಿದರೆ ಇನ್ನೊಂದು ಹೊರಗೆ. ಬಲವಂತ ಮಾಡಿದರೆ ಇನ್ನೂ ಸೆಟೆಯುತ್ತಾಳೆ, ಮೊದಲು ಸೊಂಟ ಮಡಿಸಿ ಆಮೇಲೆ ಬೆನ್ನು ಒರಗಿಸಿದರೆ ಕೂರುತ್ತಾಳೆ ಎಂದು ದಿನ ಕಳೆದಂತೆ ಕಲಿತೆ. ಕರ್ಚೀಪಿಗೆ ಗಂಟು ಹಾಕಿ "ಇದನ್ನ ಬಿಚ್ಚು ನೋಡೋಣ" ಎಂದು ಕೈಗೆ ಕೊಟ್ಟರೆ, ಅವಳು ಆ ಗಂಟಿನ ಜೊತೆ ಗುದ್ದಾಡುವಷ್ಟರಲ್ಲಿ ಬಕಲು ಬಿದ್ದಿರುತ್ತಿತ್ತು. ಮೋಸ ಗೊತ್ತಾದ ಮೇಲೆ ಊರು ದಾಟುವವರೆಗೂ ಅಳು. ಗದ್ದೆಗಳು ಬಂದವೆಂದರೆ ಕೊಕ್ಕರೆ ನೋಡುತ್ತ ಸುಮ್ಮನಾಗುತ್ತಿದ್ದಳು. ಆ ಅಳು ನನಗೆ ಪಕ್ಕದ ಮನೆಯ ಟೀವಿಯಷ್ಟು ದೂರದಿಂದ ಕೇಳಿಸುತ್ತಿತ್ತು.

ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಹೆಂಡತಿಯನ್ನು ಹಿಂದೆ, ಕೂಸನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡವನೊಬ್ಬ ಗಾಡಿ ನಿಲ್ಲಿಸಿ, "ಕೂಸಿನ್ನ ಯಾಕ್ರಿ ಟೀಚರ್ ಹಂಗ ಬಿಗದೀರಿ? ಅದೇನ ಹರಕೊಂಡು ಓಡಿ ಹೊಕ್ಕೈತೇನ್ರಿ?" ಎಂದು ಕೇಳಿದ. ಅವ್ವನದೂ ಅದೇ ರಾಗ.

"ಯಾರರ ಒಬ್ರು ಉಡಿಯಾಗ ಹಾಕ್ಕೊಂಡು ಕುಂತ್ರ ಸಾಕಲ್ಲಬೇ."

"ಯಾರದರ ಉಡಿ ಅಂತಿ? ಕಾರ ಹೊಡಿಯಾಕಿ ನಾನು. ನನ್ನ ಉಡಿಯಾಗ ಸ್ಟೇರಿಂಗ್ ಐತಿ" ಅಂದೆ. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಪೋರ ಆಗ ನಾನಾಗಿದ್ದೆ.

ಬತ್ತದ ಕೊಯ್ಲಿನ ಹೊತ್ತಿಗೆ ಅತ್ತೆ ಬಂದರು. ಅವರು ಬೇವೂರಿನಲ್ಲಿ ಹಿರಿಮಗನ ಜೊತೆ ಇರುವವರು, ನಮ್ಮವರು ಕಿರಿಯರು. ಮಗನ ದಿನಕರ್ಮ ಮುಗಿದ ಮೇಲೆ ಊರಿಗೆ ಹೊರಡುವಾಗ, ಗೂಟದ ಮೇಲಿನ ಅಂಗಿಗಳಲ್ಲಿ ಕೆಲವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದರು. ನಾನು ಯಾಕೆ ಎಂದು ಕೇಳಿರಲಿಲ್ಲ. ಈಗ ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಬಿಚ್ಚಿದರು. ಒಳಗೆ ಒಂದು ಪುಟ್ಟ ಕೌದಿ. ನೀಲಿ ಚೌಕಳಿ ಅಂಗಿ, ಮದುವೆಯ ಬಿಳಿ ಅಂಗಿ, ಎರಡು ಲುಂಗಿ, ಎಲ್ಲ ತುಂಡು ತುಂಡಾಗಿ ಅದರಲ್ಲಿದ್ದವು. ಸಾಲು ಸಾಲು ಹೊಲಿಗೆ, ಒಂದೂ ಸೊಟ್ಟವಿರಲಿಲ್ಲ. ಸತ್ತವರ ಅರಿವೆ ಇಟ್ಟುಕೊಳ್ಳಬಾರದು ಎಂದು ಯಾರಾದರೂ ಆಡಿಯಾರೆಂದು ಅತ್ತೆ ಬಾಗಿಲು ಹಾಕಿಕೊಂಡು ಹೊಲಿದಿದ್ದರಂತೆ.

"ಆ ಸೀಟು ಭಾಳ ಬಿರುಸೈತೆವ್ವಾ. ಇದನ್ನ ಹಾಸು. ಅಪ್ಪನ ಉಡಿಯಾಗ ಕುಂತಂಗ ಆಕ್ಕೈತಿ ಕೂಸಿಗೆ" ಅಂದರು.

ನಮ್ಮ ಕಡೆ ಕೂಸು ಹುಟ್ಟಿದರೆ ಮೊದಲು ಮಲಗಿಸುವುದೇ ಮನೆಯವರ ಹಳೆ ಅರಿವೆಯ ಕೌದಿಯ ಮೇಲೆ. ಇದರಲ್ಲಿ ನನಗೆ ಕೆಡುಕೇನೂ ಕಾಣಲಿಲ್ಲ. ಮರುದಿನ ನವಲಿಗೆ ಹೊರಟಾಗ, ಬೀಗರನ್ನು ಮಾತಾಡಿಸಬೇಕೆಂದು ಅತ್ತೆಯೂ ಜೊತೆಗೆ ಬಂದರು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅವರೇ ಸೀಟಿಗೆ ಹಾಸಿದರು. ಮಗಳನ್ನು ಕೂರಿಸಿದರೆ ಬೆಲ್ಟು ಬಕಲಿಗೆ ಮುಟ್ಟಲೊಲ್ಲದು. ಅದನ್ನು ಸಡಿಲಿಸಿ ಉದ್ದ ಮಾಡಿ ಹಾಕಿದೆ. ಬೆರಳು ತೂರಿಸಿ ನೋಡಿದೆ, ಒಂದೇ ಹೋಯಿತು. ಸರಿಯಿದೆ ಅಂದುಕೊಂಡೆ. ಮಗಳು ಅಂದು ಸೆಟೆಯಲಿಲ್ಲ, ಅಳಲಿಲ್ಲ, ಕೌದಿಯ ಅಂಚನ್ನು ಹಿಡಿದುಕೊಂಡು ಆರಾಮಾಗಿ ಕೂತಳು. ಹಿಂದೆ ಅವಳ ಪಕ್ಕದಲ್ಲಿ ಕೂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಾರು ಚಾಲು ಮಾಡಿದೆ.

ಕೊಯ್ಲಿನ ದಿನಗಳಲ್ಲಿ ಆ ಕಡೆ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಬತ್ತ ಹರವಿ, ಗಾಡಿಗಳು ಹತ್ತಿಸಬಾರದೆಂದು ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ನವಲಿ ಇನ್ನೇನು ಬಂತು ಎನ್ನುವಾಗ, ಉಳಿದರ್ಧ ರಸ್ತೆಯಲ್ಲಿ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರು ಬಂತು. ಒಂದು ಕಡೆ ಕಲ್ಲು, ಒಂದು ಕಡೆ ಟ್ರ್ಯಾಕ್ಟರು. ಇದ್ದಬದ್ದ ಶಕ್ತಿಯಿಂದ ಬ್ರೇಕು ತುಳಿದೆ.

ನನ್ನ ಎದೆ ಸ್ಟೇರಿಂಗಿಗೆ ಬಡಿಯಿತು. ಹಿಂದಿನಿಂದ ಧಪ್ ಎಂಬ ಸದ್ದು ಕೇಳಿತು. ಕಾರು ನಿಂತಿತ್ತು, ಯಾವುದಕ್ಕೂ ತಾಗಿರಲಿಲ್ಲ. ಆದರೆ ಹಿಂದೆ ಮಗಳ ಅಳು ಇರಲಿಲ್ಲ.

ತಿರುಗಿ ನೋಡಿದೆ. ಅತ್ತೆ ಮುಂದಿನ ಸೀಟಿನ ಬೆನ್ನಿಗೆ ಬಿದ್ದಿದ್ದರು. ಮಗಳ ಎರಡೂ ಭುಜ ಬೆಲ್ಟಿನಿಂದ ಈಚೆ ಜಾರಿ, ಸೊಂಟದ ಹತ್ತಿರ ಮಾತ್ರ ಸಿಕ್ಕಿಕೊಂಡು, ಮೈಯೆಲ್ಲ ಮುಂದಕ್ಕೆ ಜೋತುಬಿದ್ದಿತ್ತು. ಮೆತ್ತನೆಯ ಕೌದಿ ಅವಳ ಭಾರಕ್ಕೆ ಒತ್ತಿಕೊಂಡು ತೆಳ್ಳಗಾಗಿತ್ತು. ಅದು ತುಂಬಿಕೊಂಡಿದ್ದ ಜಾಗವೆಲ್ಲ ಬೆಲ್ಟಿನಲ್ಲಿ ಸಡಿಲಾಗಿ ಉಳಿದಿತ್ತು. ಇಳಿದು ಓಡಿಹೋಗಿ ಅವಳ ಮುಖ ಎತ್ತಿದೆ. ಕಣ್ಣು ತೆರೆದೇ ಇತ್ತು. ತುಟಿ ಒಡೆದು ರಕ್ತ ಬರುತ್ತಿತ್ತು. ಉಸಿರು ಕಟ್ಟಿ, ಕಟ್ಟಿ, ಆಮೇಲೆ ಕಿಟಾರನೆ ಕಿರುಚಿದಳು. ಆ ಕಿರುಚಾಟ ನನ್ನ ಕಿವಿಯ ಹತ್ತಿರವೇ ಕೇಳಿಸಿತು.

ನನಗೆ ಹೆದರಿಕೆಯಾಯಿತು. ಬಕಲು ಬಿಚ್ಚಿ ಅವಳನ್ನು ಎತ್ತಿಕೊಂಡು ರಸ್ತೆಯ ಮೇಲೆಯೇ ಕೂತೆ. ನಮ್ಮವರು ಹೋದಾಗ ಆಗದೇ ಇದ್ದ ಹೆದರಿಕೆಯೂ ಸೇರಿ ಒಮ್ಮೆಲೇ ಬಂದಂತಿತ್ತು.

ಬತ್ತ ತಿರುವಿ ಹಾಕುತ್ತಿದ್ದ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮುದುಕರೊಬ್ಬರು "ಏಮೈಂದಮ್ಮಾ? ಕೂಸಿಗೆ ಏನಾತ್ರಿ?" ಎನ್ನುತ್ತ ಓಡಿಬಂದು ನೀರು ಕೊಟ್ಟರು. ಮಗಳ ಬಾಯಿ ತೊಳೆದೆ, ಕೈಕಾಲು ಆಡಿಸಿ ನೋಡಿದೆ. ತುಟಿಯದೊಂದು ಬಿಟ್ಟು ಬೇರೆ ಪೆಟ್ಟು ಕಾಣಲಿಲ್ಲ. "ಆದರೂ ಊರಾಗ ಡಾಕ್ಟರಿಗಿ ತೋರಿಸಿಬಿಡ್ರಿ" ಎಂದು ಮುದುಕರು ಕಲ್ಲುಗಳನ್ನು ಸರಿಸಿ ದಾರಿ ಮಾಡಲು ಹೋದರು.

ನಾನು ಸೀಟಿನಿಂದ ಕೌದಿಯನ್ನು ಎಳೆದು ತೆಗೆದೆ.

"ಇದರ ದೆಸಿಂದ ಬೆಲ್ಟ್ ಸಡ್ಲಾತ್ರಿ ಅತ್ತ್ಯಾರ. ಇದು ಇಲ್ಲಿ ಬ್ಯಾಡ್ರಿ."

ಅತ್ತೆ ಅತ್ತಾರು, ಇಲ್ಲವೆ ಬೈದಾರು ಅಂದುಕೊಂಡಿದ್ದೆ. ಅವರು ಎರಡೂ ಕೈಯಿಂದ ಅದನ್ನು ಇಸಿದುಕೊಂಡರು. ಚೌಕಳಿ ತುಂಡಿನ ಮೇಲೆ ಮಗಳ ತುಟಿಯ ರಕ್ತ ಬಿದ್ದಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಮಡಿಸಿ ಡಿಕ್ಕಿಯಲ್ಲಿ ಇಟ್ಟು ಬಂದರು. ನಾನು ಬರೀ ಸೀಟಿನ ಮೇಲೆ ಮಗಳನ್ನು ಕೂರಿಸಿ ಬೆಲ್ಟು ಎಳೆದು ಬಿಗಿ ಮಾಡುವವರೆಗೂ ಪಕ್ಕದಲ್ಲೇ ನಿಂತಿದ್ದರು. ಮಗಳು ಹೋ ಎಂದು ಅತ್ತಳು. ಅಳಲಿ ಅಂದುಕೊಂಡೆ.

ಮುಂದೆ ಹೋಗಿ ಕೂತು ಎದೆ ನೀವಿಕೊಳ್ಳುತ್ತಿದ್ದೆ. ಅತ್ತೆ ನನ್ನ ಕಡೆಯ ಬಾಗಿಲು ತೆಗೆದರು.

"ಎದಿಗೆ ಏನಾತು?"

"ಸ್ಟೇರಿಂಗ್ ಬಡೀತ್ರಿ."

ಅವರ ಕಣ್ಣು ನನ್ನ ಭುಜದ ಪಕ್ಕ ಸುಮ್ಮನೆ ಜೋತಾಡುತ್ತಿದ್ದ ಬೆಲ್ಟಿನ ಮೇಲೆ ಬಿತ್ತು.

"ಇದು ನಿಂದೇನು?"

"ಹೂಂ ರಿ."

"ದಿನಾ ಹಿಂಗ ಹೊಕ್ಕೀಯೇನು, ಹಾಕ್ಕೊಳ್ಳಲಾರದ?"

ಮರೆತಿದ್ದೆ ಅಂದರೆ ಸುಳ್ಳು, ಬೇಕಂತಲೇ ಬಿಟ್ಟಿದ್ದೆ ಅಂದರೂ ಸುಳ್ಳು. ನನ್ನ ಮೈಯೊಂದು ಆ ಕಾರಿನಲ್ಲಿದೆ ಎಂಬುದೇ ಇಷ್ಟು ದಿನ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

"ಗಂಡನ ಹಿಂದ ಹೋಗಾಕ ಅವಸರ ಐತೇನ ನಿನಗ?" ಅತ್ತೆಯ ದನಿ ಏರಿತು, ಆಮೇಲೆ ಒಡೆಯಿತು. "ಅವ ಹೇಳದ ಕೇಳದ ಹೋದ. ನೀನೂ ಹೋದ್ರ ಇದನ್ನ ಯಾರ ಉಡಿಯಾಗ ಹಾಕ್ಲಿ ನಾನು? ನಂದೇನ ಇನ್ನ ಭಾಳ ದಿನದ ಬಾಳೇವೇನು?"

ಮೈಮೇಲೆ ಬಾಗಿ ಬೆಲ್ಟನ್ನು ಎಳೆದು ನನ್ನ ಎದೆಯ ಮೇಲಿಂದ ತಂದರು. ಎಲ್ಲಿ ಸಿಕ್ಕಿಸುವುದೆಂದು ಗೊತ್ತಾಗದೆ ಅವರ ಕೈ ತಡಕಾಡಿತು. ನಾನು ಆ ಕೈ ಹಿಡಿದು ಬಕಲಿನ ಹತ್ತಿರ ಒಯ್ದೆ. ಇಬ್ಬರೂ ಒತ್ತಿದೆವು. ಪೆಟ್ಟು ಬಿದ್ದ ಎದೆಯ ಮೇಲೆ ಬೆಲ್ಟು ಬಿಗಿಯಾಗಿ ಕೂತು ನೋವಾಯಿತು. ಆ ಗಳಿಗೆಯಲ್ಲಿ ಬದುಕುವ ಆಸೆ ಬಂತು ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಸಾಯಬಾರದು ಅನಿಸಿತು.