ಮೊದಲ ಅಂಕಿ ಬಿಟ್ಟು

ಬೆಳಿಗ್ಗೆ ಆರೂವರೆಗೆ ನಮ್ಮ ಊಟದ ಮೇಜಿನ ಮೇಲೆ ಬಿ.ಪಿ. ಯಂತ್ರ ಗೊರ್ ಅಂತ ಶುರುಮಾಡುತ್ತದೆ. ಕಳೆದ ವರ್ಷ ಡಾಕ್ಟರಮ್ಮ ನಮ್ಮೆಜಮಾನರಿಗೆ ದಿನಾ ನೋಡಿ ಬರೆದಿಡಿ ಅಂದರು. ಬರೆದಿಡುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಯಾವತ್ತು ಯಾವ ಹುಳಿ, ಯಾರು ಬಂದರು, ಹೆಪ್ಪು ಹಾಕಿದ್ದು ಎಷ್ಟು ಹೊತ್ತಿಗೆ ಮೊಸರಾಯಿತು, ಎಲ್ಲಾ ನನ್ನ ಡೈರಿಯಲ್ಲಿ ಇದೆ. ಅಮೆರಿಕದ ಈ ವುಡಿನ್‌ವಿಲ್ಲಿನ ಚಳಿಯಲ್ಲಿ ಮೊಸರಾಗುವುದು ಸಣ್ಣ ಸಂಗತಿ ಅಂತ ನೀವು ತಿಳಿಯಬಾರದು.

ಡಾಕ್ಟರಮ್ಮನ ನಿಯಮಗಳೂ ಡೈರಿಯಲ್ಲಿವೆ. ಐದು ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ ತಾಗಿರಬೇಕು, ಮಾತಾಡಬಾರದು. ಮೂರು ಸಲ ನೋಡಿ ಮೊದಲನೆಯದನ್ನು ಬಿಟ್ಟುಬಿಡಬೇಕು. ಮೊದಲ ಅಂಕಿಯಲ್ಲಿ ರೋಗಕ್ಕಿಂತ ಗಾಬರಿಯೇ ಜಾಸ್ತಿ ಇರುತ್ತೆ ಅಂತ ಆಕೆ ನಕ್ಕಿದ್ದರು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನೇ ನಿಯಮ ಮುರಿದೆ. ಯಂತ್ರದ ಪಟ್ಟಿ ಅವರ ತೋಳು ಹಿಂಡುತ್ತಿರುವಾಗ, ಮುಕಿಲ್ಟಿಯೊ ಊರಿನ ಹೊಸ ಕೆಲಸದ ಫಾರ್ಮ್ ಯಾವಾಗ ತುಂಬೋಣ ಅಂತ ಕೇಳಿಬಿಟ್ಟೆ. ಯಾವತ್ತೂ ನೂರಮೂವತ್ತು ದಾಟದವರು ನೂರೈವತ್ತೆಂಟಕ್ಕೆ ಹಾರಿದರು. ಮುಖ ಮಾತ್ರ ಗೋಡೆಯ ಹಾಗೆ ಇತ್ತು.

ಆ ಅಂಕಿ ನೋಡುತ್ತಲೇ ನನಗೆ ನಾಲ್ಕು ವರ್ಷದ ಹಿಂದೆ ಅದೇ ತೋಳಿಗೆ ಕಟ್ಟಿದ್ದ ಇನ್ನೊಂದು ಪಟ್ಟಿ ನೆನಪಾಯಿತು.

ಇವರು ಇಲ್ಲೇ ಹತ್ತಿರದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅಳತೆಯ ಇಂಜಿನಿಯರು. ಕೂದಲೆಳೆಗಿಂತ ಸಣ್ಣ ತಪ್ಪನ್ನು ಹಿಡಿಯುವ ಕೆಲಸ. ಅಳೆಯುವ ಪ್ರತಿ ಉಪಕರಣಕ್ಕೂ, ಅದನ್ನೇ ಯಾವಾಗ ಪರೀಕ್ಷೆ ಮಾಡಿದ್ದು ಅಂತ ಒಂದು ಚೀಟಿ ಅಂಟಿಸಿರಬೇಕು. ಇಲ್ಲದಿದ್ದರೆ ಇವರು ಮುಟ್ಟುವುದಿಲ್ಲ. ನನ್ನ ಅಡುಗೆಮನೆಯ ತಕ್ಕಡಿಗೂ ಒಂದು ಚೀಟಿ ಅಂಟಿಸಿದ್ದಾರೆ, ನಿಮ್ಮಾಣೆ.

ಆಗ ಒಂದು ಒಳ್ಳೆಯ ಕೆಲಸ ಬಂತು. ದೇಶದ ರಕ್ಷಣೆಗೆ ಸಂಬಂಧಪಟ್ಟದ್ದು, ಆದ್ದರಿಂದ ಸರ್ಕಾರದ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಮೊದಲು ಉದ್ದದ ಫಾರ್ಮ್, ಆಮೇಲೆ ಸುಳ್ಳು ಪತ್ತೆ ಯಂತ್ರದ ಮುಂದೆ ಕೂರುವುದು. ಹೊರದೇಶದಲ್ಲಿ ಯಾರ್ಯಾರ ಜೊತೆ ಒಡನಾಟ ಅಂತ ಫಾರ್ಮ್ ಕೇಳಿತು. ನನ್ನ ಡೈರಿಗಳನ್ನು ಹರಡಿಕೊಂಡು ಎರಡು ಶನಿವಾರ ತುಂಬಿದೆವು. ತಿಂಗಳಿಗೊಮ್ಮೆ ಫೋನ್ ಮಾಡುವವರಿಂದ ಹಿಡಿದು ಮದುವೆಗೆ ಮಾತ್ರ ಸಿಕ್ಕವರವರೆಗೆ ನೆನಪಾದವರನ್ನೆಲ್ಲ ಬರೆದೆವು. ಮಗಳು ಮೇಘನಾ ಹಣಕಿ ನೋಡಿ, "ದಿಸ್ ಈಸ್ ಎ ವೆಡ್ಡಿಂಗ್ ಗೆಸ್ಟ್ ಲಿಸ್ಟ್, ಅಪ್ಪ" ಅಂದಳು.

ಪರೀಕ್ಷೆಯಿಂದ ಇವರು ಸಂಜೆ ಬಂದರು. ಎದೆಗೆ ಎರಡು ಕೊಳವೆ, ಬೆರಳಿಗೆ ತಂತಿ, ತೋಳಿಗೆ ಇದೇ ಥರದ ಪಟ್ಟಿ ಕಟ್ಟಿದ್ದರಂತೆ. ಪ್ರಶ್ನೆ ಕೇಳುವಾಕೆ ಮರ್ಯಾದಸ್ಥೆಯಂತೆ, ನೀರೂ ಕೊಟ್ಟಳಂತೆ. ನಮ್ಮವರು ಸುಮ್ಮನಿರದೆ, ಈ ಯಂತ್ರವನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದ್ದು, ಚೀಟಿ ಕಾಣುತ್ತಿಲ್ಲವಲ್ಲ ಅಂತ ಕೇಳಿದ್ದಾರೆ. ಅಭ್ಯಾಸಬಲ. ಆಕೆ ಅದನ್ನು ಬರೆದುಕೊಂಡಳಂತೆ. ಹೊರದೇಶದವರ ಒಡನಾಟ ಯಾವುದಾದರೂ ಮುಚ್ಚಿಟ್ಟಿದ್ದೀರಾ ಅಂತ ಕೇಳಿದಾಗ ಇವರು ಇಲ್ಲ ಅಂದಿದ್ದಾರೆ, ಯಂತ್ರದ ಗೆರೆ ಮೇಲಕ್ಕೆ ಹಾರಿದೆ. ಮತ್ತೆ ಕೇಳಿದಾಗ ಮತ್ತೆ ಹಾರಿದೆ. ಯಾಕೋ ಗುರಣ್ಣನ ಮುಖ ಕಣ್ಣಮುಂದೆ ಬಂತು ಅಂದರು. ಗುರಣ್ಣ ಅಂದರೆ ಇವರ ದೊಡ್ಡಪ್ಪನ ಮಗ, ಮಸ್ಕತ್‌ನಲ್ಲಿದ್ದಾನೆ, ಫ್ಯಾಮಿಲಿ ಗ್ರೂಪಿಗೆ ದಿನಾ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವುದು ಬಿಟ್ಟರೆ ಅವನದು ನಮ್ಮೊಂದಿಗೆ ಬೇರೆ ವ್ಯವಹಾರ ಇಲ್ಲ. ಇವರು ಅದನ್ನೂ ಆಕೆಗೆ ಹೇಳಿದರು. ತಿಂಗಳ ಮೇಲೆ ಕಾಗದ ಬಂತು, ಆ ಹೊಸ ಕೆಲಸ ಕೈತಪ್ಪಿ ಹೋಯಿತು, ಕಾರಣ ಬರೆದಿರಲಿಲ್ಲ.

ಕೆಲಸ ಹೋಗಿದ್ದಕ್ಕೆ ನಾನು ಅಷ್ಟು ಮರುಗಲಿಲ್ಲ. ಆದರೆ ಒಂದು ರಾತ್ರಿ ಪಾತ್ರೆ ಒರೆಸುತ್ತಾ ಇವರು ಧಾರವಾಡದ ಮಾತಲ್ಲಿ ಮೆಲ್ಲಗೆ ಅಂದರು: "ನಾ ಖರೇನ ಹೇಳಿದ್ದೆ. ಆದ್ರ ನನ್ನ ಎದಿ ಯಾಕ ಹಾರ್ತು? ನಂಗ ಗೊತ್ತಿಲ್ಲದಂಗ ನನ್ನೊಳಗ ಏನರ ಕಳ್ಳತನ ಐತೇನು?"

ಆಮೇಲೆ ಮನುಷ್ಯ ಬದಲಾದರು. ಊಟ ಆಯ್ತಾ ಅಂತ ಯಾರಾದರೂ ಕೇಳಿದರೆ "ಹೆಚ್ಚು ಕಮ್ಮಿ ಆತು" ಅನ್ನುವರು. ಯಾವ ಮಾತನ್ನೂ ಪೂರ್ತಿ ನಂಬಿ ಆಡದಾದರು. ಕೂದಲೆಳೆ ಅಳೆಯುವವರು ತಮ್ಮನ್ನೇ ಒಂದು ಚೀಟಿಯಿಲ್ಲದ ಉಪಕರಣದ ಹಾಗೆ ಪಕ್ಕಕ್ಕಿಟ್ಟುಬಿಟ್ಟರು.

ಈಗ ನಿಮಗೊಂದು ಹೇಳಬೇಕು. ಆ ಪರೀಕ್ಷೆಯ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ನಾನು ಅಂದಿದ್ದೆ: "ರೀ, ಗುರಣ್ಣನ ಹೆಸರು ಬರೆದ್ವಾ? ಬಿಟ್ಟುಹೋಯ್ತು ಅನ್ಸುತ್ತೆ." ಇವರು ಫೋನಿನಲ್ಲಿ ದಾರಿ ನೋಡುತ್ತಾ ಹೂಂ ಅಂದಿದ್ದರು. ಸಂಜೆ ಗುರಣ್ಣನ ಹೆಸರು ಕೇಳಿದಾಗಲೇ, ಗೆರೆ ಹಾರಿದ್ದು ನನ್ನ ಮಾತಿಗೆ ಅಂತ ನನಗೆ ಗೊತ್ತಾಯಿತು. ನೀನೇ ಹೇಳಿದ್ದಲ್ಲವಾ ಅಂತ ಅವರು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಸುಮ್ಮನಾದೆ. ಅವತ್ತಿನ ಡೈರಿಯಲ್ಲಿ "ಉಪ್ಪಿಟ್ಟು, ಇವರಿಗೆ ಪರೀಕ್ಷೆ" ಅಂತಷ್ಟೇ ಇದೆ. ಮೊಸರಿನ ಗಂಟೆ ಬರೆಯುವವಳು ಇದನ್ನು ಬರೆಯಲಿಲ್ಲ. ಮುಚ್ಚಿಟ್ಟವಳು ನಾನು, ನನ್ನ ತೋಳಿಗೆ ಯಾರೂ ಪಟ್ಟಿ ಕಟ್ಟಲಿಲ್ಲ.

ನೂರೈವತ್ತೆಂಟು ನೋಡಿದ ಬೆಳಿಗ್ಗೆ ನಾನು ಗಟ್ಟಿಯಾದೆ. ಆ ಸುಳ್ಳು ಪತ್ತೆ ಯಂತ್ರಕ್ಕೆ ಕಾಣುವುದು ಎದೆಬಡಿತ, ಉಸಿರು, ಬೆವರು. ಸುಳ್ಳಿಗೂ ಎದೆ ಹಾರುತ್ತೆ, ಭಯಕ್ಕೂ ಹಾರುತ್ತೆ, ಹೆಂಡತಿ ಹೇಳಿದ ಮಾತು ನೆನಪಾದರೂ ಹಾರುತ್ತೆ. ಯಾವುದು ಯಾವುದಕ್ಕೆ ಅಂತ ಗೆರೆ ಹೇಳುವುದಿಲ್ಲ, ನೋಡಿದವರು ಊಹಿಸಬೇಕು. ಇಲ್ಲಿನ ಬಹುತೇಕ ಕೋರ್ಟುಗಳೇ ಅದರ ಮಾತನ್ನು ಸುಲಭಕ್ಕೆ ಸಾಕ್ಷಿ ಅಂತ ತಗೊಳ್ಳುವುದಿಲ್ಲವಂತೆ. ಹಾಗಿರುವಾಗ ಈ ಮನುಷ್ಯ ಯಾಕೆ ಅದರ ಮಾತಿಗೆ ತಲೆಬಾಗಬೇಕು, ನೀವೇ ಹೇಳಿ.

ಮೂರೂ ಸಲ ಮುಗಿದ ಮೇಲೆ ಎದುರು ಕೂತು ಉಪ್ಪಿಟ್ಟಿನ ಕಥೆ ಹೇಳಿದೆ. ಇವರು ಬಹಳ ಹೊತ್ತು ತೋಳಿನ ಪಟ್ಟಿ ಬಿಚ್ಚಲೇ ಇಲ್ಲ.

"ನಂಗ ನೆನಪ ಇಲ್ಲ" ಅಂದರು. ಆಮೇಲೆ, "ಅಂದ್ರ ಅದು ಒಳಗಿಂದ ಬಂದದ್ದಲ್ಲ. ನೀ ಇಟ್ಟದ್ದು."

"ನಾನೇ ಇಟ್ಟಿದ್ದು. ತಪ್ಪಾಯ್ತು ಕಣ್ರೀ."

"ನಾಕ ವರ್ಷ ಆತಲ್ಲ ಮಾರಾಯ್ತಿ" ಅಂದರು. ಕೋಪವಿತ್ತು. ಇರಲೇಬೇಕಲ್ಲ. ಎರಡು ದಿನ ನನ್ನ ಕಾಫಿಗೆ ಚೆನ್ನಾಗಿದೆ ಅನ್ನಲಿಲ್ಲ. ಮೂರನೇ ದಿನ ಯಾರೋ ಫೋನಿನಲ್ಲಿ ಊಟ ಆಯ್ತಾ ಅಂದರು. "ಆತು" ಅಂದರು ಇವರು.

ಮುಕಿಲ್ಟಿಯೊದ ಕೆಲಸಕ್ಕೂ ಅದೇ ಫಾರ್ಮ್, ಅದೇ ಯಂತ್ರ. ಹಿಂದಿನ ಪರೀಕ್ಷೆಯ ಬಗ್ಗೆ ವಿವರಣೆ ಬರೆಯಲು ಅದರಲ್ಲಿ ಜಾಗವಿದೆ. ನಾನು ಅವತ್ತು ಆಡಿದ ಮಾತನ್ನು ಕನ್ನಡದಲ್ಲಿ ಬರೆದುಕೊಟ್ಟೆ, ಮೇಘನಾ ಇಂಗ್ಲಿಷಿಗೆ ತಂದಳು. "ಅಮ್ಮ, ಯೂ ಶುಡ್ ಟೇಕ್ ದ ಟೆಸ್ಟ್" ಅಂತ ಚುಚ್ಚಿದಳು. ಕರೆದರೆ ಹೋಗುತ್ತೇನೆ ಅಂದೆ. ಗುರಣ್ಣ ಈಗ ಹೆಸರುಗಳ ಪಟ್ಟಿಯ ಮೊದಲಲ್ಲೇ ಇದ್ದಾನೆ. ಈ ಸಲವೂ ಗೆರೆ ಹಾರಬಹುದು, ಮತ್ತೆ ಕೆಲಸ ಹೋಗಬಹುದು. ಹೋದರೆ ಕೆಲಸ ಹೋಗಲಿ, ಮನುಷ್ಯ ಹೋಗುವುದು ಬೇಡ.

ಇವತ್ತು ಬೆಳಿಗ್ಗೆ ಎಡಗೈಗೆ ಪಟ್ಟಿ ಕಟ್ಟಿಸಿಕೊಂಡವರು ಬಲಗೈಯಿಂದ ಫಾರ್ಮ್ ಎಳೆದುಕೊಂಡರು. ನಿಯಮಕ್ಕೆ ವಿರುದ್ಧ. ಪಟ್ಟಿ ಗೊರ್ ಅನ್ನುತ್ತಿರುವಾಗಲೇ ಸಹಿ ಹಾಕಿದರು. ಅಂಕಿ ನೂರೈವತ್ತು ದಾಟಿತು. ನಾನು ಬರೆದುಕೊಳ್ಳಲಿಲ್ಲ. ಅದು ಮೊದಲನೆಯದು.