ಷಟ್ಪದಿಯ ಮೂರನೆಯ ಸಾಲು

ನಾನು ಕನ್ನಡ ಎಂ.ಎ.ಗೆ ಕಟ್ಟಿದ್ದ ವರ್ಷ ಛಂದಸ್ಸು ಹೇಳಿಕೊಟ್ಟವರು ನನ್ನ ಮಾವ. ನರಗುಂದದಲ್ಲಿ ಕಾಳಿನ ವ್ಯಾಪಾರ ಅವರದು. ಹಳೆಯ ಕಾವ್ಯವೆಂದರೆ ಹುಚ್ಚು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು, ತೊಡೆ ತಟ್ಟುತ್ತ ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುತ್ತಿದ್ದರು: ಮೂರು, ನಾಲ್ಕು, ಮೂರು, ನಾಲ್ಕು. ನಡುವೆ ಬೇಕಂತಲೇ ಒಂದು ಅಕ್ಷರ ಬದಲಿಸಿ, ನಾನು ಹಿಡಿಯುತ್ತೇನೋ ಇಲ್ಲವೋ ಎಂದು ಮುಖ ನೋಡುತ್ತಿದ್ದರು.

ಅಂದು ಓದುತ್ತಿದ್ದದ್ದು ಸತ್ತ ಮಗನಿಗಾಗಿ ತಾಯಿ ಅಳುವ ಪದ್ಯ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ 'ಲ್ಲ' ಬರಬೇಕು, ಅದೇ ಪ್ರಾಸ. ಮೂರನೆಯ ಸಾಲಿನ ಮೊದಲಿಗೆ 'ಎಲ್ಲಿ' ಎನ್ನುವ ಬದಲು ಮಾವ 'ಎನ್ನಿ' ಎಂದರು.

"ಪ್ರಾಸ ತಪ್ಪಿತ್ರಿ ಮಾವಾರ," ಎಂದು ನಕ್ಕೆ.

ಅವರು ನಗಲಿಲ್ಲ. "ಎಲ್ಲಿ," ಎಂದರು. "ಎಲ್ಲಿ... ಎಲ್ಲಿ..."

ಆ ಪದ್ಯದಲ್ಲಿ ಆ ಶಬ್ದ ಮತ್ತೆ ಮತ್ತೆ ಬರುತ್ತದೆ. ಯಾಕೆ ಬರುತ್ತದೆಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಆಕಿಗೆ ದುಃಖದಾಗ ಬ್ಯಾರೆ ಮಾತ ಬರವಲ್ದು, ಅದಕ್ಕರಿ," ಎಂದೆ.

"ಎಲ್ಲಿ," ಎಂದರು ಮಾವ. ತೊಡೆಯ ಮೇಲಿನ ಬಲಗೈ ಜಾರಿ ಚಾಪೆಗೆ ಬಿತ್ತು. ತುಟಿ ಒಂದು ಕಡೆಗೆ ಇಳಿದಿತ್ತು.

ಗಂಡ ಕಡಲೆ ಖರೀದಿಗೆ ಬೆಳವಣಕಿಗೆ ಹೋಗಿದ್ದರು, ಫೋನ್ ಹತ್ತಲಿಲ್ಲ. ಅತ್ತೆ ಒಳಗಿಂದ ಬಂದು, "ಪಿತ್ತ ಆಗಿರಬೇಕು. ಪಾನಕ ಕುಡದು ಮಲಗ್ಲಿ ಬಿಡ," ಎಂದರು.

ಅತ್ತೆಗೆ ಎಂದೂ ಎದುರಾಡಿದವಳಲ್ಲ. "ಬ್ಯಾಡ್ರಿ ಅತ್ತಿ, ಇದು ಲಕ್ವಾ! ಬಾಯಾಗ ನೀರ ಸೈತ ಹಾಕಬ್ಯಾಡ್ರಿ, ಗಂಟಲಾಗ ಸಿಗತೈತಿ!" ಎಂದು ಕೂಗಿ ಬರಿಗಾಲಲ್ಲೇ ಪಕ್ಕದ ಅಂಗಡಿಗೆ ಓಡಿದೆ. ಅಂಗಡಿಯವರು ಕೂಡಲೇ ಕಾರು ತೆಗೆದರು.

ಹುಬ್ಬಳ್ಳಿ ಮುಟ್ಟುವ ತನಕ ಮಾವನವರ ತಲೆ ನನ್ನ ಹೆಗಲ ಮೇಲಿತ್ತು. ಅವರು ಸುಮ್ಮನಾದರೆ ಜೀವ ಹೋಯಿತೇನೋ ಎಂಬ ಭಯ. ಮತ್ತೆ ಅದೇ ಶಬ್ದ ಕೇಳಿದರೆ ಇನ್ನೊಂದು ಭಯ. ನವಲಗುಂದದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಕಾರು ನಿಂತಾಗ ಅತ್ತೆ ಹಾರ್ನ್ ಒತ್ತಿರಿ, ಒತ್ತಿರಿ ಎಂದು ಅಂಗಲಾಚುತ್ತಿದ್ದರು.

ದವಾಖಾನೆಯಲ್ಲಿ ಡಾಕ್ಟರು, "ಅಜ್ಜಾರ, ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.

"ಎಲ್ಲಿ," ಎಂದರು ಮಾವ. ತಾವು ಹೇಳುತ್ತಿರುವುದು ತಪ್ಪೆಂದು ಅವರಿಗೆ ತಿಳಿಯುತ್ತಿತ್ತು. ಕಣ್ಣಲ್ಲಿ ಹೆದರಿಕೆ ಕಂಡಿತು.

ಮೆದುಳಿನ ರಕ್ತನಾಳ ಕಟ್ಟಿತ್ತು. "ಲಗೂನ ಬಂದೀರಿ, ಚಲೋ ಆತು," ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮರುದಿನ ಬೆಳಿಗ್ಗೆ ಮಾವ ಅತ್ತೆಯನ್ನು ನೋಡಿ "ಚಾ" ಎಂದರು. ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ಅತ್ತರು.

ಮಾತು ಮರಳಲು ತಿಂಗಳುಗಳೇ ಹಿಡಿದವು. ಈಗ ಅಂಗಡಿಗೂ ಹೋಗುತ್ತಾರೆ. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಊಟದ ನಡುವೆ ಅವರು ಮಾತು ನಿಲ್ಲಿಸಿದರೆ ಸಾಕು, ಸೌಟು ಕೈಯಲ್ಲೇ ಹಿಡಿದು ಅವರ ತುಟಿ ನೋಡುತ್ತ ನಿಲ್ಲುತ್ತೇನೆ.