ಮಂಡಿ ಮನೆಯ ಅಳತೆ ಜಂಪರುಗಳು

ಚನ್ನಗಿರಿಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ. ಒಂದು ಕಾಲುಮಿಷನ್ನು, ಒಂದು ಬೆಂಚು, ಗೋಡೆಯ ತುಂಬ ಮೊಳೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರವಿಕೆಗೆ ನಮ್ಮ ಕಡೆ ಜಂಪರು ಅನ್ನುತ್ತಿದ್ದ ಕಾಲ. ನನ್ನ ಹತ್ತಿರ ಹೊಲಿಸುವ ಪ್ರತಿಯೊಬ್ಬ ಹೆಣ್ಣುಮಗಳೂ ತನಗೆ ಸರಿಯಾಗಿ ಕೂತ ಹಳೇ ಜಂಪರೊಂದನ್ನು ಅಳತೆಗೆಂದು ಬಿಟ್ಟು ಹೋಗುತ್ತಿದ್ದಳು. ಅವೆಲ್ಲ ಆ ಮೊಳೆಗಳಲ್ಲಿ ನೇತಾಡುತ್ತಿದ್ದವು. ಅಳತೆ ಜಂಪರು ನನ್ನ ಗೋಡೆಯ ಮೇಲಿದೆ ಅಂದರೆ ಆ ಮನೆ ನನ್ನದು.

ಕಷ್ಟ ಏನೆಂದರೆ, ಹುಡುಗಿಯರು ಮದುವೆಯಾಗಿ ಹೊನ್ನಾಳಿಗೋ ನ್ಯಾಮತಿಗೋ ಜಗಳೂರಿಗೋ ಹೋಗಿಬಿಡುತ್ತಿದ್ದರು. ಜಂಪರು ಮಾತ್ರ ಇಲ್ಲೇ ಉಳಿಯುತ್ತಿತ್ತು. ಅವರ ತಾಯಂದಿರು ಹಬ್ಬಕ್ಕೆ ಬಟ್ಟೆ ತಂದುಕೊಟ್ಟು, ‘ಅದೇ ಅಳತೆಗೆ ಹೊಲಿ’ ಅನ್ನುವವರು. ಗಂಡನ ಮನೆಯ ಊಟ ಉಂಡ ಮೈ ಅದೇ ಅಳತೆಯಲ್ಲಿ ಇರುತ್ತದೆಯೇ? ತೋಳು ಹತ್ತದ ಜಂಪರು ಬಸ್ ಕಂಡಕ್ಟರನ ಕೈಯಲ್ಲಿ ವಾಪಸ್ಸು ಬಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ನಾನೇ ಹೊರಡುವುದು ರೂಢಿ ಮಾಡಿಕೊಂಡೆ. ಕೆಲಸ ಕಡಿಮೆ ಇರುವ ದಿನಗಳಲ್ಲಿ ಟೇಪನ್ನು ಚೀಲಕ್ಕೆ ಹಾಕಿಕೊಂಡು ಊರೂರು ಸುತ್ತಿ ಹೊಸ ಅಳತೆ ತರುತ್ತಿದ್ದೆ. ಹೊನ್ನಾಳಿಯ ಒಬ್ಬಳು ನನ್ನನ್ನು ಕಂಡ ಕೂಡಲೇ ರೊಟ್ಟಿ ತಟ್ಟಲು ಕೂರುತ್ತಿದ್ದಳು. ನ್ಯಾಮತಿಯಲ್ಲಿ ಸೊಸೆಯ ಅಳತೆ ಮುಗಿಯುವ ಮೊದಲೇ ಅತ್ತೆ, ‘ನಂದೂ ಒಂದು ತಗಳವ್ವ’ ಎಂದು ಎದುರು ಬಂದು ನಿಂತರು.

‘ನಿಂದು ವ್ಯಾಪಾರಾನೋ ನೆಂಟಸ್ತಿಕೆನೋ?’ ಎಂದು ನನ್ನ ಗಂಡ ರೇಗಿಸುತ್ತಿದ್ದರು. ‘ಎಲ್ಡೂ’ ಅನ್ನುತ್ತಿದ್ದೆ.

ಮಾತು ನನಗೆ ಧಾರಾಳ. ಬಸ್ಸು ಚನ್ನಗಿರಿ ಬಿಟ್ಟಾಗ ಪಕ್ಕದಲ್ಲಿ ಕೂತವಳು ಇಳಿಯುವಷ್ಟರಲ್ಲಿ ನನಗೆ ತಂಗಿಯಾಗಿರುತ್ತಿದ್ದಳು. ಆದರೆ ಟೇಪು ಹಿಡಿದಾಗ ಕಂಡದ್ದನ್ನು ಮಾತ್ರ ಎಲ್ಲೂ ಆಡುತ್ತಿರಲಿಲ್ಲ. ಯಾರು ಸೊರಗಿದ್ದಾರೆ, ಯಾರಿಗೆ ದಿನ ನಿಂತಿದೆ ಎಂಬುದು ಮನೆಯವರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು. ಅದನ್ನು ಇನ್ನೊಂದು ಮನೆಗೆ ಹೊತ್ತುಕೊಂಡು ಹೋದರೆ ನಾಳೆ ನನ್ನ ಎದುರು ಕೈ ಎತ್ತಿ ನಿಲ್ಲುವವರು ಯಾರು?

ನನ್ನ ದೊಡ್ಡ ಗಿರಾಕಿ ಅಡಿಕೆ ಮಂಡಿಯವರ ಮನೆ. ಆ ಮನೆಯ ಯಜಮಾನಿಯನ್ನು ನಾನು ಅಕ್ಕಾರೆ ಅನ್ನುತ್ತಿದ್ದೆ. ವಯಸ್ಸು ನಲವತ್ತು ಇನ್ನೂ ಮುಟ್ಟಿರಲಿಲ್ಲ, ಗತ್ತು ಅರವತ್ತರದು. ಅವರು ಎಲ್ಲಿ ಹೊಲಿಸುತ್ತಾರೋ ಬಳಗವೆಲ್ಲ ಅಲ್ಲೇ, ಬಸವಾಪಟ್ಟಣದ ತವರಿನವರೂ ಸೇರಿ. ದೊಡ್ಡ ಮಗಳನ್ನು ಜಗಳೂರಿಗೆ ಕೊಟ್ಟಿದ್ದರು. ಎರಡನೆಯವಳ ಮದುವೆ ಗೊತ್ತಾಗಿತ್ತು. ಆ ಮದುವೆಯ ಜಂಪರುಗಳೆಲ್ಲ ನನಗೇ ಎಂದು ನಾನು ಆಗಲೇ ದಾರದ ಉಂಡೆ ತಂದಿಟ್ಟುಕೊಂಡಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಆಳೆತ್ತರದ ಕನ್ನಡಿ ಇಟ್ಟು ಹೊಸ ಲೇಡೀಸ್ ಟೈಲರೊಬ್ಬ ಅಂಗಡಿ ತೆರೆದಿದ್ದ. ಅವನತ್ತ ಹೋಗುವ ಗಿರಾಕಿಗಳನ್ನು ಕಂಡು ನನಗೆ ಪುಕುಪುಕು ಅನ್ನುತ್ತಿತ್ತು. ಮಂಡಿ ಮನೆ ಇರುವ ತನಕ ಭಯವಿಲ್ಲ ಎಂದು ಧೈರ್ಯ ಹೇಳಿಕೊಂಡಿದ್ದೆ.

ಆ ಸಲ ಜಗಳೂರಿಗೆ ಹೋದಾಗ ದೊಡ್ಡ ಮಗಳ ಅಳತೆ ತೆಗೆಯುತ್ತಿದ್ದಂತೆಯೇ ನನಗೆ ತಿಳಿಯಿತು. ಅವಳ ಮುಖ ನೋಡಿದೆ. ಅವಳು ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದುಕೊಂಡಳು.

‘ಅಕ್ಕಾ, ಅವ್ವಗೆ ಹೇಳಬ್ಯಾಡ. ಹೋದ ಸಲದ ಬಸುರು ನಿಲ್ಲಲಿಲ್ಲ. ಅವ್ವ ಊರಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ಲು, ಆಮ್ಯಾಲೆ ನನಗೆ ಯಾರ ಮುಖಾನೂ ನೋಡಾಕೆ ಆಗ್ಲಿಲ್ಲ. ಈ ಸಲ ಮೂರು ತಿಂಗಳು ತುಂಬ್ಲಿ, ನಾನೇ ಹೇಳ್ತೀನಿ.’

ನಾನು ತಲೆ ಸವರಿ, ಅವಳ ಜಂಪರುಗಳ ಪಕ್ಕದ ಹೊಲಿಗೆಯನ್ನು ಅಲ್ಲೇ ಕೂತು ಬಿಚ್ಚಿ ಸಡಿಲ ಮಾಡಿಕೊಟ್ಟೆ. ಮುಂದೆ ಬೇಕಾಗುತ್ತದೆಂದು ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟೇ ಹೊಲಿಯುವುದು ನನ್ನ ಪದ್ಧತಿ. ಊರಿಗೆ ಬಂದ ಮೇಲೆ ಅಕ್ಕಾರು ಕೇಳಿದರು: ‘ನನ್ನ ಮಗಳು ಹೆಂಗದಾಳೆ?’

‘ಚೆನ್ನಾಗದಾರೆ ಅಕ್ಕಾರೆ’ ಅಂದೆ.

ಮೂರು ತಿಂಗಳು ತುಂಬಿದ ಮೇಲೆ ಹುಡುಗಿ ತಾಯಿಗೆ ಸಿಹಿ ಸುದ್ದಿ ಮುಟ್ಟಿಸಿದಳು. ಅಷ್ಟಕ್ಕೇ ನಿಲ್ಲಿಸದೆ, ‘ಟೈಲರಕ್ಕ ಆವಾಗ್ಲೇ ಹೊಲಿಗೆ ಬಿಡಿಸಿಕೊಟ್ಟಿದ್ಲು’ ಎಂದು ಸಂತೋಷದಲ್ಲಿ ಹೇಳಿಬಿಟ್ಟಳು. ಮಾರನೆಯ ದಿನವೇ ಅಕ್ಕಾರು ನನ್ನ ಅಂಗಡಿಯ ಬಾಗಿಲಲ್ಲಿ.

‘ಹೆತ್ತವಳು ನಾನು. ನನಗಿಂತ ಮೊದ್ಲು ನಿನಗೆ ಗೊತ್ತಾಗಬೇಕೇನು? ನನ್ನೆದುರಿಗೆ ನಿಂತು ಚೆನ್ನಾಗದಾರೆ ಅಂದ್ಯಲ್ಲ!’

‘ಚೆನ್ನಾಗೇ ಇದ್ರಲ್ಲ ಅಕ್ಕಾರೆ.’

‘ಬಾಯಿ ಮುಚ್ಚು.’

‘ಮುಚ್ಚಿದ್ದಕ್ಕೇ ಅಲ್ವೇನ್ರಿ ಈಗ ಬೈತಿರೋದು?’

ಸುಮ್ಮನಿದ್ದರೆ ಆಗುತ್ತಿತ್ತೇನೋ, ನನ್ನ ನಾಲಿಗೆ ಹಾಗೇ. ಅಕ್ಕಾರು ಒಳಗೆ ಬಂದು ಮೊಳೆಗಳಿಂದ ತಮ್ಮ ಮನೆಯ ಅಳತೆ ಜಂಪರುಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಹಾಕಿಕೊಂಡು ಹೊರಟುಹೋದರು. ನಾನು ಆ ಖಾಲಿ ಗೋಡೆ ನೋಡುತ್ತಾ ಬೆಂಚಿನ ಮೇಲೆ ಕೂತು ಅತ್ತೆ. ಕೋಪಕ್ಕೂ ಅತ್ತೆ, ಹೆದರಿಕೆಗೂ ಅತ್ತೆ.

ಹದಿನೈದು ದಿನದಲ್ಲಿ ಬಸವಾಪಟ್ಟಣದವರೂ ಬಂದು ತಮ್ಮ ಜಂಪರು ಕೇಳಿ ಒಯ್ದರು. ಮದುವೆಯ ಬಟ್ಟೆಯೆಲ್ಲ ಕನ್ನಡಿ ಟೈಲರನಿಗೆ ಹೋಯಿತು. ‘ಹೋಗಿ ತಪ್ಪಾಯ್ತು ಅಂದು ಬಾ’ ಎಂದರು ನನ್ನ ಗಂಡ. ‘ಏನು ತಪ್ಪು ಅಂತ ಹೇಳಲಿ?’ ಎಂದು ನಾನು ಅವರ ಮೇಲೆಯೇ ಹರಿಹಾಯ್ದೆ. ಪಾಪ, ಆ ದಿನ ಅವರೇ ಉಪ್ಪಿಟ್ಟು ಮಾಡಿಕೊಂಡು ತಿಂದರು. ನಾನು ಮಾತ್ರ ಸುತ್ತುವುದು ಬಿಡಲಿಲ್ಲ. ಜಗಳೂರಿನ ಹುಡುಗಿಯನ್ನೂ ನೋಡಿ ಬಂದೆ. ಗಿರಾಕಿ ಹೋದರೂ ಹುಡುಗಿ ಹುಡುಗಿಯೇ ತಾನೇ.

ಒಂದು ಮಧ್ಯಾಹ್ನ, ಬಿಸಿಲಿಗೆ ಬೀದಿಯೆಲ್ಲ ಖಾಲಿ ಇದ್ದಾಗ, ಅಕ್ಕಾರು ಬಂದರು. ಕಂಕುಳಲ್ಲಿ ಗಂಟು. ಒಳಗೆ ಬಂದವರೇ ಬಾಗಿಲು ಹಾಕಿಕೊಂಡರು. ಗಂಟಿನಿಂದ ಜಂಪರಿನ ಹಸಿರು ಕಣ ತೆಗೆದರು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಜಂಪರು ತೊಡಿಸುವ ಕುಬುಸದ ಕಾರ್ಯ ಹತ್ತಿರ ಬಂದಿತ್ತು.

‘ಕುಬುಸದ ಜಂಪರು ನೀನೇ ಹೊಲಿಬೇಕಂತೆ. ಇಲ್ಲಾಂದ್ರೆ ತೊಡೋದೇ ಇಲ್ಲ ಅಂತಾಳೆ ನಿನ್ನ ಮುದ್ದಿನ ಗಿರಾಕಿ.’

‘ಹೊಲಿತೀನಿ, ಕೊಡ್ರಿ’ ಅಂದೆ.

ಅಕ್ಕಾರು ಹೋಗಲಿಲ್ಲ. ಗಂಟನ್ನು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಕೊನೆಗೆ ತಮ್ಮದೇ ಎರಡು ಜಂಪರು ತೆಗೆದು ಮಿಷನ್ನಿನ ಮೇಲಿಟ್ಟರು.

‘ಇವನ್ನೂ ಸ್ವಲ್ಪ ಬಿಡಿಸಬೇಕಿತ್ತು.’

‘ಹೊಸ ಅಂಗಡಿಗೆ ಹೋಗಲಿಲ್ಲೇನ್ರಿ?’ ಬೇಕೆಂದೇ ಚುಚ್ಚಿದೆ.

‘ಆ ಮಹಾರಾಯ ಅಳತೆ ತಗೊಂಡು ಬೀದಿಗೆಲ್ಲ ಕೇಳಂಗೆ ಕೂಗ್ತಾನೆ, ಒಳಗೆ ಇನ್ನೊಬ್ಬ ಬರ್ಕೊಂತಾನೆ. ಹೋದ ಸಲಕ್ಕೂ ಈ ಸಲಕ್ಕೂ ಇಷ್ಟು ಫರಕು ಐತಲ್ಲಮ್ಮಾ ಅಂತಾನೆ. ನಾಲ್ಕು ಜನರ ಎದುರಿಗೆ!’

ನಾನು ಟೇಪು ತೆಗೆದು ಎದ್ದು ನಿಂತೆ. ಟೇಪು ಸುತ್ತಿ ಬಂದು ಮುಂದೆ ಕೂಡುವ ಹೊತ್ತಿಗೆ ನನ್ನ ಕೈ ನಿಂತಿತು. ಅಕ್ಕಾರು ಗೋಡೆ ನೋಡುತ್ತಿದ್ದರು. ಕಿವಿಯೆಲ್ಲ ಕೆಂಪಾಗಿತ್ತು.

‘ಅಕ್ಕಾರೆ…’

‘ಹೂಂ ಕಣೆ. ಮಗಳು ಬಾಣಂತನಕ್ಕೆ ಬರೋ ಹೊತ್ತಿನಾಗೆ ಅವರವ್ವನೂ ಬಸುರಿ. ಎರಡನೇದರ ಮದುವೇಲಿ ಬೀಗರೆದುರು ಹೆಂಗೆ ಓಡಾಡಲಿ ಹೇಳು. ಮಂಡಿ ಯಜಮಾನ್ರು ನಾಚ್ಕೊಂಡು ಮಂಡಿ ಬಿಟ್ಟು ಮನೆಗೇ ಬರವಲ್ಲರು.’ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ‘ನನ್ನ ಮಗಳಿಗೆ ಹೇಳಬ್ಯಾಡ. ಕುಬುಸ ಮುಗೀಲಿ, ನಾನೇ ಹೇಳ್ತೀನಿ.’

ನನಗೆ ನಗು ಒತ್ತರಿಸಿ ಬಂತು. ತಡೆದುಕೊಳ್ಳಲೆಂದು ಕತ್ತರಿ ಹುಡುಕುವವಳಂತೆ ಬಗ್ಗಿದೆ. ಮೇಲಿನಿಂದ ಖಿಕ್ ಎಂದು ಕೇಳಿಸಿತು. ನೋಡಿದರೆ ಅಕ್ಕಾರೇ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಅವರು ಕಣ್ಣೊರೆಸಿಕೊಂಡು, ‘ಅವತ್ತು ನನ್ನ ಮಗಳೂ ಹಿಂಗೇ ಕೈ ಹಿಡ್ಕೊಂಡಿದ್ಲೇನೇ?’ ಎಂದು ಮೆಲ್ಲಗೆ ಕೇಳಿದರು.

‘ಹೊಲಿಗೆ ಬಿಚ್ಚಬೇಕು, ಬೆಂಚಿನ ಮ್ಯಾಲೆ ಕೂತ್ಕೊಳ್ರಿ ಅಕ್ಕಾರೆ’ ಅಂದೆ.

ಅವರ ಎರಡೂ ಜಂಪರನ್ನು ತಿರುವಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯಷ್ಟನ್ನೂ ಅಂದೇ ಬಿಡಿಸಿಕೊಟ್ಟೆ. ಆ ವರ್ಷ ಮಂಡಿ ಮನೆಯಲ್ಲಿ ಎರಡು ತೊಟ್ಟಿಲು ಕಟ್ಟಿದರು. ಎರಡಕ್ಕೂ ಕುಲಾವಿ ಹೊಲಿದವಳು ನಾನೇ: ಸೋದರಳಿಯನಿಗೆ ದೊಡ್ಡದು, ಅವನ ಸೋದರಮಾವನಿಗೆ ಚಿಕ್ಕದು.